ಮ್ಯಾಲರಿ ಸಾಹೇಬರ ಎಡ ಹೆಗಲು

ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಬರುವವರು ಕಿರವತ್ತಿಯಲ್ಲಿ ಚಹಾಕ್ಕೆ ನಿಲ್ಲದೆ ಮುಂದೆ ಹೋದರೆ ಅವರಿಗೆ ಏನೋ ತುರ್ತಿದೆ ಎಂದೇ ಅರ್ಥ. ನಮಗಂತೂ ಯಾವ ತುರ್ತೂ ಇರಲಿಲ್ಲ. ಹೊಸ ಕನ್ನಡಕ ಮಾಡಿಸಿಕೊಳ್ಳಬೇಕೆಂದು ಹುಬ್ಬಳ್ಳಿಯ ಡಾಕ್ಟರ ಬಳಿ ಹೋಗಿ, ಹಳೆಯದೇ ಇನ್ನೆರಡು ವರ್ಷ ಬರುತ್ತದೆ ಎಂದು ಹೇಳಿಸಿಕೊಂಡು, ಸ್ವಲ್ಪ ನಿರಾಸೆಯಿಂದಲೇ ಶಿರಸಿಗೆ ಮರಳುತ್ತಿದ್ದೆ. ಕಾರು ಓಡಿಸುತ್ತಿದ್ದವಳು ನನ್ನ ತಮ್ಮನ ಮಗಳು ಶಬಾನಾ; ಅವಳಿಗೆ ನಾನು ಫೂಫಿ, ಅಂದರೆ ಸೋದರತ್ತೆ. ಅವಳಿಗೆ ಡ್ರೈವಿಂಗ್ ಹುಚ್ಚು, ನನಗೆ ಚಹಾದ ಹುಚ್ಚು. ಹೀಗಾಗಿ ನಮ್ಮಿಬ್ಬರ ಪ್ರಯಾಣ ಯಾವಾಗಲೂ ಚೆನ್ನಾಗಿಯೇ ಸಾಗುತ್ತದೆ.

ನಾವು ಯಾವಾಗಲೂ ನಿಲ್ಲುವ ಧಾಬಾಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ಸೋಡಾದ ಜಾಹೀರಾತು ಇದ್ದ ಗೋಡೆಯ ಮೇಲೆ ಈಗ ಕಪ್ಪು ಚೌಕಟ್ಟಿನ ಹಳೇ ಪಟಗಳ ಸಾಲು. ಒಂದು ಉಗಿಬಂಡಿ, ಒಂದು ಗ್ರಾಮಫೋನು, ಬಾಯಲ್ಲಿ ಸಿಗರೇಟು ಕಚ್ಚಿದ ಯಾರೋ ಹೆಂಗಸು. ಕೈ ತೊಳೆದುಕೊಂಡು ತಿರುಗಿದವಳು ನಿಂತಲ್ಲೇ ನಿಂತೆ. ನೀರಿನ ಡ್ರಮ್ಮಿನ ಮೇಲ್ಗಡೆ, ಕೋಟಿನ ಕಾಲರು ಸ್ವಲ್ಪ ಎತ್ತಿಕೊಂಡು, ಬಲಗಡೆಗೆ ಮುಖ ತಿರುಗಿಸಿ, ಅದೇ ಅರ್ಧ ನಗೆ ನಗುತ್ತ ವೇಡ್ ಮ್ಯಾಲರಿ ಸಾಹೇಬರು ನಿಂತಿದ್ದರು.

"ಅಯ್ಯೋ, ಇವರಿಲ್ಲಿ!" ಎಂದೆ. ಮದುವೆ ಮನೆಯಲ್ಲಿ ದೂರದ ನೆಂಟರು ಎದುರಾದರೆ ಬರುವಂಥ ದನಿ ಅದು. ಇಡೀ ಧಾಬಾ ನನ್ನತ್ತ ನೋಡಿತು.

ಧಾಬಾದವರಿಗೆ ಅವರ ಪರಿಚಯವಿರಲಿಲ್ಲ. "ಯಾರದಾರೋ ಯಾರಿಗ್ಗೊತ್ರಿ ಮೇಡಂ. ಹನ್ನೆರಡು ಫೋಟೋದ್ದು ಒಂದು ಸೆಟ್ ಬರ್ತೈತ್ರಿ, ಆನ್‌ಲೈನ್ ತರಿಸೀನಿ. ಈಗಿನ ಮಂದಿ ಇಂಥಾವು ಹಚ್ಚಿದ್ರ ಮುಂದ ನಿಂತು ಫೋಟೋ ಹೊಡ್ಕೋತಾರ್ರಿ."

"ಇವರು ನಮ್ಮ ಅಬ್ಬಾನ ಗಿರಾಕಿ," ಎಂದೆ.

ಅವರು ಪಟವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಚಾ ಸ್ಟ್ರಾಂಗ್ ಮಾಡ್ಲ್ಯಾರಿ?" ಎಂದು ಕೇಳಿ ಒಳಗೆ ಹೋದರು.

ನೀವೂ ಹಾಗೆಯೇ ನೋಡುತ್ತಿರಬಹುದು. ಸ್ವಲ್ಪ ತಡೆಯಿರಿ, ಹೇಳುತ್ತೇನೆ.

ನನ್ನ ಅಬ್ಬಾ ದಸ್ತಗೀರ್ ಮಾಸ್ತರು ಶಿರಸಿಯಲ್ಲಿ ಟೇಲರ್. ಕೋಟೆಕೆರೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಒಂದು ಹೊಲಿಗೆ ಮಿಷನ್ನು, ಆಳೆತ್ತರದ ಒಂದು ಕನ್ನಡಿ, ಗಿರಾಕಿಗಳಿಗೆಂದು ಒಂದು ಬೆಂಚು. ಬೆಂಚಿನ ಮೇಲೆ ಗಿರಾಕಿಗಳಿಗಿಂತ ಗಿರಾಕಿಗಳಲ್ಲದವರೇ ಹೆಚ್ಚು ಕೂರುತ್ತಿದ್ದರು. ಮನೆಯೊಳಗೆ ನಮ್ಮದು ಉರ್ದು. ಆದರೆ ಬಟ್ಟೆಯ ಮಾತು, ಹೊಲಿಗೆಯ ಮಾತು ಬಂದರೆ ಅಬ್ಬಾ ಮನೆಯಲ್ಲೂ ಕನ್ನಡವನ್ನೇ ಆಡುತ್ತಿದ್ದರು. ಕಸುಬು ಕಲಿತ ಭಾಷೆ ಅದು, ಅದರಲ್ಲೇ ಅವರಿಗೆ ಆರಾಮ. ಸಿನಿಮಾದ ಮಾತೂ ಅವರ ಪಾಲಿಗೆ ಬಟ್ಟೆಯ ಮಾತೇ ಆಗಿತ್ತು.

ಅದು ಶುರುವಾದದ್ದು ಹೀಗೆ. ಆ ಕಾಲದಲ್ಲಿ ನಮ್ಮೂರ ಟಾಕೀಸಿನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು. ಅದರ ಪೋಸ್ಟರೊಂದನ್ನು ಅಂಗಡಿಯ ಎದುರು ಗೋಡೆಗೆ ಅಂಟಿಸಿ ಹೋದರು. ಅಬ್ಬಾ ಕತ್ತರಿ ಹಿಡಿದೇ ಹೊರಗೆ ಬಂದು ರಸ್ತೆಯ ಮಧ್ಯೆ ನಿಂತುಬಿಟ್ಟರಂತೆ. ಹಿಂದಿನಿಂದ ಬಂದ ಎತ್ತಿನಗಾಡಿಯವನು ಎರಡು ಸಲ ಕೂಗಿದರೂ ಅಲುಗಲಿಲ್ಲವಂತೆ. "ಈ ಕೋಟು ಕತ್ತರಿಸಿದವರು ಯಾರು?" ಎಂದು ಕೇಳಿದರಂತೆ. ತೊಟ್ಟವರು ಯಾರು ಎಂದು ಕೇಳಲಿಲ್ಲ. ತೊಟ್ಟವರು ಆ ಪಿಕ್ಚರಿನ ಹೀರೋ ಮ್ಯಾಲರಿ ಎಂಬುದು ಆಮೇಲೆ ತಿಳಿಯಿತು.

ಅಂದಿನಿಂದ ಮ್ಯಾಲರಿಯ ಪಿಕ್ಚರ್ ಬಂದ ಭಾನುವಾರ ಅಬ್ಬಾನ ಅಂಗಡಿ ಮಧ್ಯಾಹ್ನದ ಮೇಲೆ ತೆರೆಯುತ್ತಿತ್ತು. ಜೊತೆಗೆ ನಾನು. ಇಂಗ್ಲಿಷ್ ಪಿಕ್ಚರಿಗೆ ಹೆಂಗಸರು ಬರುತ್ತಿರಲಿಲ್ಲ. ಎರಡು ಜಡೆ ಹಾಕಿಕೊಂಡು ಬೆಂಚಿನ ಮೇಲೆ ಕೂತ ಹೆಣ್ಣು ನಾನೊಬ್ಬಳೇ. ನನ್ನನ್ನು ಕರೆದೊಯ್ಯಲು ಕಾರಣವಿತ್ತು. ಐದನೇ ಇಯತ್ತೆಯಲ್ಲಿ ನಮಗೆ ಇಂಗ್ಲಿಷ್ ಶುರುವಾಗಿತ್ತು, ಮಗಳು ಅರ್ಥ ಹೇಳುತ್ತಾಳೆ ಎಂದು ಅಬ್ಬಾನ ನಂಬಿಕೆ. ನನಗೆ ಬರುತ್ತಿದ್ದುದು ಬೆಕ್ಕು, ಇಲಿ, ಟೊಪ್ಪಿ. ಆದರೆ ನಂಬಿದ ತಂದೆಗೆ ಇಲ್ಲವೆನ್ನುವುದು ಹೇಗೆ? ಧಾರಾಳವಾಗಿ ಹೇಳುತ್ತಿದ್ದೆ. ಮ್ಯಾಲರಿ ರೈಲು ನಿಲ್ದಾಣದಲ್ಲಿ ಹುಡುಗಿಯ ಕೈ ಹಿಡಿದು ಏನೋ ಅಂದ, ಅವಳು ಅತ್ತಳು. "ಏನಂತೆ?" ಎಂದು ಅಬ್ಬಾ. "ಅವನ ಅಮ್ಮನಿಗೆ ಹುಷಾರಿಲ್ಲವಂತೆ," ಎಂದು ನಾನು. ಹಡಗಿನ ಕಪ್ತಾನನ ಮುಂದೆ ಮೇಜು ಗುದ್ದಿ ಕೂಗಾಡಿದ. "ಏನಂತೆ?" "ಅಮ್ಮನಿಗೆ ಹುಷಾರಿಲ್ಲ, ರಜೆ ಕೊಡಿ ಅಂತ." ನನ್ನ ಕನ್ನಡದಲ್ಲಿ ಆ ಮಹಾತಾಯಿ ಒಂದು ಪಿಕ್ಚರಿನಲ್ಲೂ ಆರೋಗ್ಯವಾಗಿರಲಿಲ್ಲ. ಅಬ್ಬಾ ಮನೆಗೆ ಬಂದ ಮೇಲೂ "ಪಾಪ, ಮನುಷ್ಯನಿಗೆ ಕಷ್ಟ ತಪ್ಪಲಿಲ್ಲ" ಎಂದು ಮರುಗುತ್ತಿದ್ದರು. ಮುಂದೆ ನಾನು ಸಿದ್ದಾಪುರದಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ. ಇಂಗ್ಲಿಷ್ ಕಲಿಸಲು ಯಾರೂ ಹೇಳಲಿಲ್ಲ, ಒಳ್ಳೆಯದೇ ಆಯಿತು.

ನಿಜ ಹೇಳಬೇಕೆಂದರೆ ಅಬ್ಬಾನಿಗೆ ನನ್ನ ಅರ್ಥದ ಅಗತ್ಯವೇ ಇರಲಿಲ್ಲ. "ಬಟ್ಟೆ ಸುಳ್ಳು ಹೇಳ್ತದೆ ಮೆಹರೂ, ಹೊಲಿಗೆ ಹೇಳುದಿಲ್ಲ," ಎನ್ನುತ್ತಿದ್ದರು. ಹೊಲಿಗೆ ನೋಡಿಯೇ ಅವರು ಮ್ಯಾಲರಿಯ ಜೀವನ ಚರಿತ್ರೆಯನ್ನು ಓದುತ್ತಿದ್ದರು. ಆ ಪಿಕ್ಚರುಗಳು ನಮ್ಮೂರಿಗೆ ಹತ್ತು ಹದಿನೈದು ವರ್ಷ ತಡವಾಗಿ, ಹೇಗೆ ಬೇಕೋ ಹಾಗೆ ಬರುತ್ತಿದ್ದವು. ಮೊದಲು ನೋಡಿದ್ದರಲ್ಲಿ ಮ್ಯಾಲರಿಗೆ ಕಿವಿಯ ಮೇಲೆ ನರೆ. ಮರುತಿಂಗಳು ಮೀಸೆ ಚಿಗುರುವ ಹುಡುಗ. ಅದರ ಮರುತಿಂಗಳು ಮೂರು ಮಕ್ಕಳ ತಂದೆ. ಊರವರೆಲ್ಲ ಗೊಂದಲಕ್ಕೆ ಬೀಳುತ್ತಿದ್ದರು, ಅಬ್ಬಾ ಬೀಳುತ್ತಿರಲಿಲ್ಲ. ಕುದುರೆ ಪಿಕ್ಚರ್ ನೋಡಿ, "ಇದು ಮೊದಲನೇದು. ಅಂಗಿ ಬೇರೆಯವರದ್ದು, ಕಂಕುಳಲ್ಲಿ ಹಿಡೀತಿದೆ. ಇನ್ನೂ ಇವರನ್ನ ಕೇಳುವವರಿಲ್ಲ," ಎಂದರು. ಹಡಗಿನ ಪಿಕ್ಚರಿನಲ್ಲಿ ಕೋಟು ಕಂಡ ಕೂಡಲೇ ನನ್ನ ಮೊಣಕೈ ತಿವಿದು, "ನೋಡು, ಇವರಿಗೊಬ್ಬ ಒಳ್ಳೆ ಟೇಲರ್ ಮಾಸ್ತರು ಸಿಕ್ಕಿದಾರೆ!" ಎಂದು ಖುಷಿಪಟ್ಟರು. ಇನ್ನೊಂದರಲ್ಲಿ ಸೊಂಟದ ಪಟ್ಟಿ ಒಂದು ತೂತು ಹಿಂದಕ್ಕೆ ಹೋಗಿತ್ತು. "ಮನೆಯೂಟ ಹಿಡಿದಿದೆ, ಮದುವೆ ಆಗಿರ್ಬೇಕು." ನರೆ ಬಂದದ್ದರಲ್ಲಿ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ಆವತ್ತು ಅಬ್ಬಾ ಮನೆಗೆ ಬಂದು, ಊಟ ಮಾಡುವಾಗ ಅಮ್ಮನ ಹತ್ತಿರ, "ಏನೋ ಚಿಂತೆ ಹತ್ತಿದೆ ಅವರಿಗೆ," ಎಂದರು. ಅಮ್ಮ ಯಾವ ಗಿರಾಕಿಯ ಮಾತೋ ಎಂದುಕೊಂಡು, "ದುವಾ ಮಾಡುವಾ ಬಿಡಿ," ಎಂದಳು. ಹೀಗೆ ಏಳು ಪಿಕ್ಚರುಗಳನ್ನು ಅಬ್ಬಾ ಹಿಂದುಮುಂದು ಮಾಡಿ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದರು.

ಇನ್ನು ಶ್ರೀಪಾದನ ಕೋಟಿನ ವಿಷಯಕ್ಕೆ ಬರುತ್ತೇನೆ. ಹುಲೇಕಲ್ಲಿನ ಹುಡುಗ, ಧಾರವಾಡದಲ್ಲಿ ಕಾಲೇಜು ಓದಿದವನು, ಮ್ಯಾಲರಿಯ ಭಕ್ತ. ಅವನು ಬಾಚುವುದೂ ಮ್ಯಾಲರಿಯ ಹಾಗೆ, ಸೈಕಲ್ಲಿನಿಂದ ಇಳಿಯುವುದೂ ಕುದುರೆಯಿಂದ ಇಳಿದ ಹಾಗೆ. ಅವನ ಮದುವೆ ಗೊತ್ತಾಯಿತು. ಟಾಕೀಸಿನವರನ್ನು ಕಾಡಿ ಬೇಡಿ ಒಂದು ಪೋಸ್ಟರ್ ಸಂಪಾದಿಸಿ, ಸುರುಳಿ ಸುತ್ತಿಕೊಂಡು ಅಂಗಡಿಗೆ ಬಂದ. ಶಾಲೆ ಬಿಟ್ಟು ಬಂದ ನಾನು ಒಳಗೆ ಕೂತು ಗುಂಡಿಗಳನ್ನು ಬಣ್ಣವಾರು ಬೇರೆ ಮಾಡುತ್ತಿದ್ದೆ.

"ಸಾಬ್ರೆ, ದಿಬ್ಬಣದ ದಿನ ಇದೇ ಕೋಟು ಆಗ್ಬೇಕು. ಒಂದು ಕೂದಲೂ ಆಚೀಚೆ ಆಗೂಲಾಗ."

"ಆಗ್ತದೆ," ಎಂದರು ಅಬ್ಬಾ, ಅವನ ಬೆನ್ನಿಗೆ ಟೇಪು ಹಿಡಿಯುತ್ತ. "ಆದ್ರೆ ಎಡ ಹೆಗಲಿಗೆ ಅಷ್ಟು ಹತ್ತಿ ನಿಮಗೆ ಬೇಡ. ನಿಮ್ದು ಎರಡೂ ನೆಟ್ಟಗಿದೆ."

"ಹತ್ತಿ ಎಂತಕ್ಕೆ?"

"ಅವ್ರ ಎಡ ಹೆಗಲು ಅರ್ಧ ಬೆರಳು ಕೆಳಗೆ ಇದೆಯಲ್ಲ, ಅದಕ್ಕೆ ತುಂಬಿದಾರೆ."

ಶ್ರೀಪಾದ ಟೇಪಿನಿಂದ ಬಿಡಿಸಿಕೊಂಡು ತಿರುಗಿದ. ತನ್ನ ಸ್ವಂತ ಹೆಗಲನ್ನು ಡೊಂಕು ಅಂದಿದ್ದರೂ ಅವನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಬೆಂಚಿನ ಮೇಲೆ ನಾಲ್ಕು ಜನ ಇದ್ದರು. ಆ ನಾಲ್ವರಿಂದ ಸುದ್ದಿ ಹೊರಟಿತು. ಅರ್ಧ ಬೆರಳು ಮಾರಿಗುಡಿ ಮುಟ್ಟುವಾಗ ಒಂದು ಬೆರಳಾಗಿ, ಬಸ್‌ಸ್ಟ್ಯಾಂಡ್ ಮುಟ್ಟುವಾಗ ಒಂದು ಗೇಣಾಗಿ, ಸಂಜೆಗೆ ಹುಲೇಕಲ್ ತಲುಪುವಷ್ಟರಲ್ಲಿ ಮ್ಯಾಲರಿ ಪೂರಾ ಗೂನನಾಗಿದ್ದ. ಮರುದಿನ ಶ್ರೀಪಾದ ಗೆಳೆಯರನ್ನು ಕಟ್ಟಿಕೊಂಡು ಬಂದ.

"ಬರೂ ಭಾನುವಾರ ಬಾಕ್ಸಿಂಗ್ ಪಿಕ್ಚರ್ ಅದೆ ಸಾಬ್ರೆ. ಅದ್ರಲ್ಲಿ ಅವ ಅಂಗಿ ಹಾಕೂದೇ ಇಲ್ಲ. ಹತ್ತಿ ಎಲ್ಲಿ ಅಡಗಿಸ್ತಾ ನೋಡುವಾ. ನಿಮ್ಮ ಮಾತು ಖರೆ ಆದ್ರೆ ನಮ್ಮ ದಿಬ್ಬಣದವ್ರೆಲ್ಲಾ ನಿಮ್ಮ ಹತ್ರನೇ ಹೊಲಿಸ್ತ್ರು. ಸುಳ್ಳಾದ್ರೆ ನಂದೊಂದು ಕೋಟೂ ನೀವು ಹೊಲಿಯೂದು ಬೇಡ."

ಅಬ್ಬಾ, "ನೋಡುವಾ," ಎಂದಷ್ಟೇ ಅಂದರು. ಆದರೆ ನನಗೆ ಗೊತ್ತಿತ್ತು, ಪಣಕ್ಕೆ ಬಿದ್ದದ್ದು ಕೋಟಲ್ಲ. ಟೇಲರಿಗೆ ಕೈ ಹೋದರೂ ನಡೆಯುತ್ತದೆ, ಬೇರೆಯವರಿಂದ ಹೊಲಿಸಬಹುದು. ಕಣ್ಣು ಹೋಯಿತು ಎಂಬ ಹೆಸರು ಬಂದರೆ ಮುಗಿಯಿತು.

ಆ ಭಾನುವಾರದಷ್ಟು ಜನ ಆ ಟಾಕೀಸಿನಲ್ಲಿ ಇಂಗ್ಲಿಷ್ ಪಿಕ್ಚರಿಗೆ ಸೇರಿದ್ದನ್ನು ನಾನು ಕಂಡಿಲ್ಲ. ಸಿನಿಮಾ ಎಂದರೆ ಮೂಗು ಮುರಿಯುವವರೂ ಬಂದಿದ್ದರು. ಮತ್ತಿಘಟ್ಟದಿಂದ ಬೆಳಿಗ್ಗೆಯ ಬಸ್ಸಿಗೆ ಒಂದು ದಂಡೇ ಇಳಿದಿತ್ತಂತೆ. ಪರದೆಯ ಮೇಲೆ ಮ್ಯಾಲರಿ ಬರಿ ಮೈಯಲ್ಲಿ ಕಾಣಿಸಿದಾಗ ಎಲ್ಲರೂ ಎದ್ದು ನಿಂತರು. ಹಿಂದಿನವರು ಮುಂದಿನವರ ಮೇಲೆ ಕೂಗಿದರು. ಮ್ಯಾಲರಿ ಮೂಲೆಯಲ್ಲಿ ಮೇಲಿನ ಹಗ್ಗಕ್ಕೆ ಎಡಗೈ ಚಾಚಿ ಒರಗಿ ನಿಂತಿದ್ದ. ಹೆಗಲು ಎರಡೂ ತಕ್ಕಡಿ ಹಿಡಿದ ಹಾಗೆ ಸಮ. ಗಂಟೆ ಬಾರಿಸಿತು, ಕೈ ಮುಂದೆ ಹಿಡಿದು ಗುದ್ದಾಡಿದ, ಬಂದ, ಮತ್ತೆ ಹಗ್ಗ ಹಿಡಿದ. ಆಗಲೂ ಸಮ.

"ಸಾಬ್ರೆ, ಟೇಪು ತರ್ಲಾ?" ಎಂದು ಯಾರೋ ಕೂಗಿದರು. ಟಾಕೀಸು ನಕ್ಕು ನಕ್ಕು ಬಿದ್ದಿತು.

ಶ್ರೀಪಾದ ನಮ್ಮ ಮುಂದಿನ ಬೆಂಚಿನಿಂದ ತಿರುಗಿದ. ಅವನಿಗೆ ಅಬ್ಬಾನ ಮೇಲೆ ದ್ವೇಷವಿರಲಿಲ್ಲ, ಗೆದ್ದ ಹುರುಪು ಅಷ್ಟೆ. "ಏ ಹುಡುಗಿ, ನೀನೇ ಹೇಳು. ನಿನ್ನ ಕಣ್ಣಿಗೆ ಎಂತ ಕಾಣ್ತು? ಡೊಂಕು ಕಾಣ್ತಾ?"

ನಾನು ನಗುತ್ತಿದ್ದೆ. ಎಲ್ಲರೂ ನಗುವಾಗ ಹನ್ನೊಂದು ವರ್ಷದ ಹುಡುಗಿಗೆ ನಗದೆ ಇರುವುದು ಕಷ್ಟ. ಅದೂ ಅಲ್ಲದೆ ಮ್ಯಾಲರಿಯ ಹೆಗಲು ನೆಟ್ಟಗಿರಬೇಕು ಎಂದು ನನಗೂ ಆಸೆಯಿತ್ತು. "ಇಲ್ಲ. ನೆಟ್ಟಗಿದೆ," ಎಂದೆ, ಇಡೀ ಟಾಕೀಸಿಗೆ ಕೇಳುವ ಹಾಗೆ.

ಅಬ್ಬಾ ಪರದೆಯನ್ನೇ ನೋಡುತ್ತಿದ್ದರು. ಏನನ್ನೋ ತೋರಿಸುವವರಂತೆ ಅವರ ಬಲಗೈ ಅರ್ಧ ಮೇಲೆದ್ದಿತು. ಆಮೇಲೆ ಅದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. "ಹೌದು. ನನ್ನ ಕಣ್ಣೇ ತಪ್ಪಿರ್ಬೇಕು," ಎಂದರು.

ಶ್ರೀಪಾದನ ಕೋಟು ಹುಬ್ಬಳ್ಳಿಯಲ್ಲಿ ಹೊಲಿಗೆಯಾಯಿತು. ಅಬ್ಬಾ ಆಮೇಲೆ ಯಾರಿಗೂ ಕೋಟು ಹೊಲಿಯಲಿಲ್ಲ. ಅಂಗಿ, ಪ್ಯಾಂಟು, ಶಾಲೆಯ ಯೂನಿಫಾರ್ಮು, ನಮ್ಮ ಮನೆಯ ಹೆಂಗಸರ ಬಟ್ಟೆ, ಇಷ್ಟೇ. ಕೋಟಿನ ಬಟ್ಟೆ ಹಿಡಿದು ಬಂದವರಿಗೆ, "ಅದು ನನ್ನ ಕೈಲಿ ಆಗುದಿಲ್ಲ," ಎಂದು ಹೇಳಿ ಬೇರೆ ಅಂಗಡಿ ತೋರಿಸುತ್ತಿದ್ದರು. ಭಾನುವಾರದ ಪಿಕ್ಚರಿಗೂ ಹೋಗಲಿಲ್ಲ. ನಮ್ಮ ಮನೆಯಲ್ಲಿ ಮ್ಯಾಲರಿಯ ಹೆಸರು ನಿಂತುಹೋಯಿತು. ಅಬ್ಬಾನ ಮನಸ್ಸು ಮುರಿದದ್ದು ನನ್ನ ಆ ಎರಡು ಮಾತಿನಿಂದ ಎಂದು ನಾನು ಅರಿಯುವಷ್ಟು ದೊಡ್ಡವಳಾದದ್ದು ತಡವಾಗಿ. ಕ್ಷಮೆ ಕೇಳಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ಕೇಳಿದರೆ ಹಳೆ ಗಾಯ ಕೆದಕಿದಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳಿಗೆ ಇಂಥ ನೆಪಗಳು ಬೇಗ ಹೊಳೆಯುತ್ತವೆ.

ಇಷ್ಟನ್ನೂ ಶಬಾನಾಳಿಗೆ ಕಿರವತ್ತಿಯಲ್ಲಿ ಚಹಾ ಕುಡಿಯುತ್ತ ಹೇಳಿದೆ. ಅವಳು ಪಟದ ಕೆಳಗಿನ ಹೆಸರು ನೋಡಿ ಫೋನಿನಲ್ಲಿ ಹುಡುಕಿದಳು. "ಫೂಫಿ, ಇಲ್ಲಿದೆ. ದೊಡ್ಡ ಲೇಖನ," ಎಂದು ಓದುತ್ತ, ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಅವಳ ಇಂಗ್ಲಿಷು ನನ್ನದರಂತಲ್ಲ, ನಿಜವಾದದ್ದು.

ಮ್ಯಾಲರಿ ಹುಟ್ಟಿದ್ದು ಮರವೇ ಇಲ್ಲದ ಯಾವುದೋ ಬಯಲುಸೀಮೆಯ ಹಳ್ಳಿಯಲ್ಲಂತೆ. ತಂದೆ ಕುದುರೆಗೆ ಲಾಳ ಹೊಡೆಯುವವರು. ಸಿನಿಮಾಕ್ಕೆ ಬಂದದ್ದು ಕುದುರೆ ಮೇಯಿಸುವ ಆಳಾಗಿ. ಬಿದ್ದು ಸಾಯುವ ಪಾತ್ರ ಮಾಡಲು ಬೇರೆ ಯಾರೂ ಒಪ್ಪದ ದಿನ ಇವರನ್ನು ನಿಲ್ಲಿಸಿದರಂತೆ. ಮೂರು ಸಲ ಸತ್ತ ಮೇಲೆ ಪರದೆಯ ಮೇಲೆ ಆಡಲು ಒಂದು ಮಾತು ಕೊಟ್ಟರು. ಆ ಮೇಲೆ ಏರಿದ್ದೇ ಏರಿದ್ದು. ಮದುವೆಯಾದರು, ಬಿಟ್ಟರು, ಮತ್ತೆ ಆದರು. ಬಣ್ಣದ ಸಿನಿಮಾ ಬಂದ ಮೇಲೆ ಹೊಸ ಹುಡುಗರು ಬಂದು ಇವರನ್ನು ಕೇಳುವವರಿಲ್ಲದಾದರು. ಕಡೆಗಾಲದಲ್ಲಿ ಊರಿಗೇ ಮರಳಿ ಕುದುರೆ ಸಾಕಿಕೊಂಡಿದ್ದರಂತೆ.

"ಅವರ ಅಮ್ಮ?" ಎಂದು ಕೇಳಿದೆ, ಸ್ವಲ್ಪ ಹೆದರಿಕೆಯಿಂದ.

"ತೊಂಬತ್ತು ದಾಟಿ ಬದುಕಿದ್ದರಂತೆ. ಯಾಕೆ ಫೂಫಿ?"

"ಏನಿಲ್ಲ. ಮುಂದೆ ಓದು."

ಮುಂದೆ ಓದಿದವಳು ಒಮ್ಮೆಲೇ ನಿಲ್ಲಿಸಿದಳು. ನನ್ನ ಮುಖ ನೋಡಿ, ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡು ಹೇಳಿದಳು. ಹುಡುಗನಾಗಿದ್ದಾಗ ಮ್ಯಾಲರಿ ಹುಲ್ಲಿನ ಅಟ್ಟದಿಂದ ಬಿದ್ದು ಎಡಗಡೆಯ ಕೊರಳೆಲುಬು ಮುರಿದುಕೊಂಡಿದ್ದರು. ಹಳ್ಳಿಯಲ್ಲಿ ಇದ್ದ ದನದ ಡಾಕ್ಟರೇ ಕಟ್ಟು ಹಾಕಿದ. ಎಲುಬು ಕೂಡಿತು, ಹೆಗಲು ಇಳಿದೇ ಉಳಿಯಿತು. ಸಿನಿಮಾ ಕಂಪನಿಯ ದರ್ಜಿಯೊಬ್ಬರು ಪ್ರತಿ ಕೋಟಿಗೂ ಪ್ರತಿ ಅಂಗಿಗೂ ಒಳಗಿನಿಂದ ಹತ್ತಿ ತುಂಬಿ ಅದನ್ನು ಮುಚ್ಚಿದರು. ಅಂಗಿ ತೆಗೆಯಬೇಕಾದಾಗ ಮ್ಯಾಲರಿ ಬಾಗಿಲು ಹಿಡಿದು, ಕಂಬ ಹಿಡಿದು, ಹಗ್ಗ ಹಿಡಿದು ನಿಲ್ಲುತ್ತಿದ್ದರು. ಇದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ದರ್ಜಿ ಸಾಯುವ ತನಕ ಬಾಯಿ ಬಿಡಲಿಲ್ಲ. ಮುದುಕರಾದ ಮೇಲೆ ಮ್ಯಾಲರಿಯೇ, ಈಗ ನನ್ನನ್ನು ನೋಡುವವರು ಯಾರಿದ್ದಾರೆ ಎಂದು ನಗುತ್ತ, ಪತ್ರಿಕೆಯವರಿಗೆ ಹೇಳಿದ್ದರಂತೆ.

ನಾನು ಅಲ್ಲೇ ಅತ್ತುಬಿಟ್ಟೆ. ಧಾಬಾದವರು ಓಡಿ ಬಂದು, "ಸಕ್ರಿ ಕಮ್ಮಿ ಆತೇನ್ರಿ?" ಎಂದರು. ಸಕ್ಕರೆ ಸರಿಯಾಗಿತ್ತು. ಅಮೆರಿಕದ ಲಕ್ಷಾಂತರ ಜನ ಕಾಣದ್ದನ್ನು, ಕ್ಯಾಮೆರಾ ಹಿಡಿದವರು ಕಾಣದ್ದನ್ನು, ಶಿರಸಿಯ ಟಾಕೀಸಿನ ಮೂರನೇ ದರ್ಜೆಯ ಬೆಂಚಿನಲ್ಲಿ ಕೂತು, ತೂತು ಬಿದ್ದ ಪರದೆಯ ಮೇಲೆ, ಹತ್ತಿಯನ್ನು ದಾಟಿ ನನ್ನ ಅಬ್ಬಾ ಕಂಡಿದ್ದರು. ಅರ್ಧ ಬೆರಳು. ಒಂದು ಕೂದಲೂ ಆಚೀಚೆ ಇಲ್ಲ. ನನಗೆ ಎದ್ದು ನಿಂತು ಕೂಗಬೇಕೆನಿಸಿತು. ಲಾರಿಯವರೇ, ರೊಟ್ಟಿ ತಿನ್ನುವವರೇ, ಕೇಳಿ, ನಾನು ದಸ್ತಗೀರ್ ಮಾಸ್ತರ ಮಗಳು! ಕೂಗಲಿಲ್ಲ. ಆದರೆ ಧಾಬಾದವರಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ಟೂಲು ಹತ್ತಿ ಪಟ ಇಳಿಸಿ, ಅಂಗೈಯಿಂದ ಧೂಳು ಒರೆಸಿ ನನ್ನ ಕೈಗಿಟ್ಟರು. "ಒಯ್ರಿ ಮೇಡಂ. ನಮಗ ಇನ್ನ ಹನ್ನೊಂದು ಅದಾವು."

ಮಂಚಿಕೇರಿ ದಾಟುವ ತನಕ ನಾನು ಭಾಷಣ ಸಿದ್ಧಮಾಡಿದೆ. ಕ್ಷಮೆ ಮೊದಲೋ, ಸುದ್ದಿ ಮೊದಲೋ ಎಂಬುದು ತೀರ್ಮಾನವಾಗುವಷ್ಟರಲ್ಲಿ ಶಿರಸಿ ಬಂತು.

ಅಬ್ಬಾನಿಗೆ ಈಗ ತೊಂಬತ್ತೊಂದು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಹೊಲಿಯಲು ಕೈ ನಡುಗುತ್ತದೆ. ಪಟವನ್ನು ಕೊಟ್ಟೆ. ಬೆಳಕಿಗೆ ಹಿಡಿದರು. ಮುಖ ನೋಡಲಿಲ್ಲ, ಕಾಲರು ನೋಡಿದರು. "ಹಡಗಿನ ಪಿಕ್ಚರ್‌ನ ಕೋಟು," ಎಂದರು.

ಶಬಾನಾ ಮೊದಲು ಪಿಕ್ಚರುಗಳ ಪಟ್ಟಿ ಓದಿದಳು. ಅಬ್ಬಾ ಬೆರಳು ಮಡಚುತ್ತ, ತಾವು ಜೋಡಿಸಿದ್ದ ಸಾಲು ಹೇಳಿದರು. ಕುದುರೆಯದ್ದು, ಸೈನಿಕನದ್ದು, ಹಡಗಿನದ್ದು, ಹೀಗೆ. ಏಳಕ್ಕೆ ಏಳೂ ಸರಿಯಾಗಿತ್ತು. ಶಬಾನಾ ಚಪ್ಪಾಳೆ ತಟ್ಟಿದಳು. ಆಮೇಲೆ ನಾನು ಹೆಗಲಿನ ಸಂಗತಿ ಹೇಳಿದೆ. ಅಟ್ಟ, ದನದ ಡಾಕ್ಟರು, ಹತ್ತಿ, ಹಗ್ಗ, ಎಲ್ಲ. ಅಬ್ಬಾ ಹಿಗ್ಗುತ್ತಾರೆ ಎಂದು ಕಾದೆ.

"ಆ ಮಾಸ್ತರು ಯಾರಿಗೂ ಹೇಳ್ಲಿಲ್ಲ?" ಎಂದು ಕೇಳಿದರು.

"ಇಲ್ಲ ಅಬ್ಬಾ. ಸಾಯುವ ತನಕ."

"ಶಾಬಾಸ್," ಎಂದರು. ಪಟವನ್ನು ಮಡಿಲಲ್ಲಿ ಇಟ್ಟುಕೊಂಡರು. "ನಾನು ಹೇಳ್ಬಿಟ್ಟೆ ನೋಡು."

"ನೀವು ಹೇಳಿದ್ದು ಖರೆ ಇತ್ತು ಅಬ್ಬಾ! ಅದನ್ನೇ ಹೇಳ್ತಿದ್ದೇನೆ."

"ಖರೆ ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲ. ಕೈ ಮೇಲೆ ಹೋದ್ರೆ ಹೆಗಲೂ ಮೇಲೆ ಹೋಗ್ತದೆ. ಅದಕ್ಕೇ ಅಳತೆ ತೆಗಿವಾಗ ಕೈ ಕೆಳಗೆ ಬಿಡಿ ಅನ್ನುದು. ಗುಂಡಿಗೆ ಕಾಜು ಹಾಕ್ಲಿಕ್ಕೆ ಕಲೀತಿರುವವನಿಗೂ ಗೊತ್ತು."

"ಮತ್ತೆ ಆವತ್ತು ಯಾಕೆ ಹೇಳಲಿಲ್ಲ? ಹಗ್ಗ ತೋರಿಸಿದ್ದರೆ ಆಗ್ತಿತ್ತಲ್ಲ. ನೀವು ಕೈ ಎತ್ತಿದ್ದಿರಿ, ನಾನು ನೋಡಿದ್ದೇನೆ."

"ತೋರಿಸ್ಲಿಕ್ಕೇ ಎತ್ತಿದ್ದು," ಎಂದರು ಅಬ್ಬಾ. "ಆಗ ತಿಳೀತು. ಹೊಡೆತ ತಿಂದು ಬರ್ತಾರೆ, ನೆತ್ತರು ಸೋರ್ತದೆ, ಆದ್ರೂ ಬಂದ ಕೂಡ್ಲೇ ಆ ಹಗ್ಗ ಹಿಡೀತಾರೆ. ಅಷ್ಟು ಕಷ್ಟಪಟ್ಟು ಮುಚ್ಕೊಂಡಿದಾರೆ ಮನುಷ್ಯ. ಅಷ್ಟು ಜನರ ಮುಂದೆ ನಾನು ಇನ್ನೊಂದ್ಸಲ ಬಿಚ್ಚಿ ತೋರಿಸ್ಲಾ? ಟೇಪು ಹಿಡಿದಾಗ ಕಂಡದ್ದು ಟೇಪಿನ ಜೊತೆಗೇ ಸುತ್ತಿ ಇಡ್ಬೇಕು ಅಂತ ನನ್ನ ಉಸ್ತಾದ್ ಮೊದಲ ದಿನ ಹೇಳಿದ್ದು. ನಾನು ಬೆಂಚಿನ ಮೇಲೆ ನಾಲ್ಕು ಜನ ಕೂತಿರುವಾಗ ಬಾಯಿ ಬಿಟ್ಟೆ, ಜಂಬಕ್ಕೆ. ನನಗೆ ಕಾಣ್ತದೆ ಅಂತ ತೋರಿಸ್ಲಿಕ್ಕೆ."

"ಕೋಟು ಹೊಲಿಯೂದು ಬಿಟ್ಟದ್ದು ಅದಕ್ಕಾ?"

"ಬಾಯಿ ನಿಲ್ಲದವ ಕೋಟು ಹೊಲೀಬಾರ್ದು. ಕೋಟಿನೊಳಗೇ ಅಲ್ವಾ ಎಲ್ಲಾ ಇರುದು."

ಇಷ್ಟು ವರ್ಷ ನಾನು ಸೋತ ತಂದೆಗಾಗಿ ಮರುಗಿದ್ದೆ. ಅವರು ಸೋತೇ ಇರಲಿಲ್ಲ. ಏಳು ಸಮುದ್ರದಾಚೆಯ ಒಬ್ಬ ಗಿರಾಕಿಗಾಗಿ, ಒಂದು ಗುಂಡಿಯನ್ನೂ ಹೊಲಿಸಿಕೊಳ್ಳದ ಗಿರಾಕಿಗಾಗಿ, ಊರ ಮುಂದೆ ಕುರುಡರಾಗಿ ಕೂತಿದ್ದರು. ಕ್ಷಮೆಯ ಭಾಷಣ ಮರೆತೇ ಹೋಗಿತ್ತು. "ನಾನು ನಕ್ಕೆನಲ್ಲ ಅಬ್ಬಾ," ಎಂದಷ್ಟೇ ಅಂದೆ.

"ನೀ ನಕ್ಕಿದ್ದೇ ಒಳ್ಳೇದಾಯ್ತು. ಸ್ವಂತ ಮಗಳೇ ನೆಟ್ಟಗಿದೆ ಅಂದ್ಲು ಅಂತ ಊರೆಲ್ಲಾ ನಂಬ್ತು. ಇಲ್ಲದಿದ್ರೆ ಅವ್ರ ಹೆಗಲನ್ನ ಇನ್ನೂ ಹತ್ತು ವರ್ಷ ಎಳೆದಾಡ್ತಿದ್ರು."

ಇದನ್ನು ಬರೆಯಲೇ ಎಂದು ಕೇಳಿದೆ. ಮ್ಯಾಲರಿ ಸಾಹೇಬರೇ ಪೇಪರಿನವರಿಗೆ ಹೇಳಿದ ಮೇಲೆ ಇನ್ನೇನು ಉಳಿಯಿತು, ಬರಿ ಎಂದರು. ಶ್ರೀಪಾದನ ಹೆಸರು ಮಾತ್ರ ಬೇರೆ ಹಾಕು, ಮೊಮ್ಮಕ್ಕಳು ಓದುತ್ತಾರೆ ಎಂದರು. ಹಾಕಿದ್ದೇನೆ.

ಮನಸ್ಸು ಹಗುರವಾಗಿತ್ತು, ಹೆಮ್ಮೆಯಿಂದ ಉಬ್ಬಿತ್ತು. ಸ್ವಲ್ಪ ತಮಾಷೆ ಮಾಡೋಣ ಎನಿಸಿತು. "ಊರಿನವರ ಹೆಗಲು ಏನೇ ಇರಲಿ, ನಮ್ಮ ಮನೆಯವರದ್ದಂತೂ ಎಲ್ಲರದ್ದೂ ನೆಟ್ಟಗೇ ಬಿಡಿ," ಎಂದೆ.

ಅಬ್ಬಾ ಕಿಟಕಿಯ ಹೊರಗೆ ನೋಡಿದರು.

ಅಜ್ಜನ ಮುಖವನ್ನು ಶಬಾನಾ ಮೊದಲು ಗಮನಿಸಿದಳು. "ದಾದಾ ಸುಮ್ಮನಾದರಲ್ಲ," ಎಂದಳು.

"ಅಬ್ಬಾ? ಯಾರದ್ದು? ನಂದಾ?"

ಅಬ್ಬಾ ಮಡಿಲಲ್ಲಿದ್ದ ಪಟದ ಚೌಕಟ್ಟನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಯಾವ ಕಡೆ ಅಬ್ಬಾ? ಗಿರಾಕಿ ನಾನೇ ಅಲ್ವಾ, ನನಗೆ ಹೇಳಬಹುದಲ್ಲ?"

"ಗಿರಾಕಿಗಂತೂ ಹೇಳ್ಲೇಬಾರ್ದು," ಎಂದರು ಅಬ್ಬಾ. "ಗೊತ್ತಾದ್ರೆ ನಡಿಗೆ ಬದಲಾಗ್ತದೆ." ಚಹಾ ಆಗಿದೆಯೋ ಎಂದು ಒಳಗಿನವರನ್ನು ಕೂಗಿ ಕೇಳಿದರು.

ಅಂದಿನಿಂದ ದಿನಾ ಕನ್ನಡಿಯ ಮುಂದೆ ನಿಲ್ಲುತ್ತಿದ್ದೇನೆ. ಎಡ ಹೆಗಲು ಇಳಿದಿದೆ ಅಂದುಕೊಂಡರೆ ಎಡದ್ದು, ಬಲ ಅಂದುಕೊಂಡರೆ ಬಲದ್ದು ಇಳಿದ ಹಾಗೆ ಕಾಣುತ್ತದೆ, ತಿಳಿಯುತ್ತಿಲ್ಲ. ಲಂಗದ ವಯಸ್ಸಿನಿಂದ ಕೂದಲು ಹಣ್ಣಾಗುವ ತನಕ ನಾನು ತೊಟ್ಟ ಒಂದೊಂದು ರವಿಕೆಯೂ ಒಂದೊಂದು ಕಮೀಜೂ ಅಬ್ಬಾನ ಕೈಯದ್ದೇ. ಹೆಣ್ಣು ನೋಡಲು ಎರಡು ಮನೆಯವರು ಬಂದಿದ್ದರು, ನಿಲ್ಲಿಸಿ ಕೂರಿಸಿ ನಡೆಸಿ ನೋಡಿದ್ದರು, ಅವರಿಗೂ ಕಾಣಲಿಲ್ಲ. ಮಕ್ಕಳು ಎಂಥವರೆಂದು ನಿಮಗೆ ಗೊತ್ತಿದೆ, ಮಾಸ್ತರರ ಮೂಗಿನ ಮೇಲೆ ಸೀಮೆಸುಣ್ಣದ ಚುಕ್ಕೆ ಇದ್ದರೂ ಬಿಡುವವರಲ್ಲ. ಮೂವತ್ತೈದು ವರ್ಷ ಅವರಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದು ಮಗುವೂ ನಕ್ಕಿಲ್ಲ.